ಅರಿವಳಿಕೆಗೆ ಮುನ್ನ ಅರಿವು

ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬದ ದಂಪತಿಗಳು ಹಿಂದೆ ಹರಕೆ ಹೊತ್ತು ಗುಡಿಗಳನ್ನು ಸುತ್ತುತ್ತಿದ್ದರು. ಇಂದು ಹರಕೆಯ ಜೊತೆಗೆ ಆಸ್ಪತ್ರೆಯ ಕಡತವನ್ನೂ ಹಿಡಿದು ಅಲೆಯುತ್ತಾರೆ. ಬೇರಿಕೆ, ಬಾಗಲೂರು, ಶೂಲಗಿರಿ ಸುತ್ತಿನ ಹಳ್ಳಿಗಳಿಂದ ಹೊರಟವರಿಗೆ ಒಂದು ಕಡೆ ಹೊಸೂರು, ಇನ್ನೊಂದು ಕಡೆ ಬೆಂಗಳೂರು. ಎರಡೂ ಕಡೆ ಸಂತಾನ ಚಿಕಿತ್ಸೆಯ ಫಲಕಗಳಿಗೆ ಕೊರತೆಯಿಲ್ಲ. ಜಗತ್ತಿನ ವಯಸ್ಕರಲ್ಲಿ ಸರಿಸುಮಾರು ಆರರಲ್ಲಿ ಒಬ್ಬರು ಬಾಳಿನ ಯಾವುದಾದರೊಂದು ಹಂತದಲ್ಲಿ ಸಂತಾನಹೀನತೆಯನ್ನು ಎದುರಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಅಂದಾಜಿಸಿತು. ಆದುದರಿಂದ ಇದು ಯಾವುದೋ ಒಂದು ಮನೆಯ ಗುಟ್ಟಲ್ಲ. ಪ್ರತಿ ಬೀದಿಯಲ್ಲಿಯೂ ಇರಬಹುದಾದ, ಆದರೆ ಯಾರೂ ಬಾಯಿಬಿಟ್ಟು ಹೇಳದ ಸಂಗತಿ.

ಈ ಚಿಕಿತ್ಸೆಯಲ್ಲಿ ಹೆಣ್ಣಿನ ದೇಹಕ್ಕೆ ನೇರವಾಗಿ ಶಸ್ತ್ರ ತಾಗುವ ಘಟ್ಟ ಒಂದಿದೆ. ಅದು ಅಂಡಾಶಯದಿಂದ ಅಂಡಾಣುಗಳನ್ನು ಹೊರತೆಗೆಯುವ ದಿನ. ಸೂಜಿ ಆಡುವ ಸಮಯ ಅರ್ಧ ಗಂಟೆಯನ್ನು ಮೀರುವುದು ಅಪರೂಪ. ಆದರೆ ಆ ಅರ್ಧ ಗಂಟೆ ಆಕೆ ಅರಿವಳಿಕೆಯಲ್ಲಿರುತ್ತಾಳೆ. ಕೇಳಬೇಕಾದುದನ್ನು ಕೇಳಲು, ಬೇಡವೆನ್ನಬೇಕಾದುದನ್ನು ಬೇಡವೆನ್ನಲು ಆಗ ಆಕೆಗೆ ಸಾಧ್ಯವಿಲ್ಲ. ಆ ಕಾರಣದಿಂದಲೇ ಕಾನೂನು ಅದಕ್ಕೂ ಮೊದಲೇ ಆಕೆಯ ಸಹಿಯನ್ನು ಕೇಳುತ್ತದೆ. ಸಹಿಯ ಪತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೋ ತಮಿಳಿನಲ್ಲಿಯೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಹೆಣ್ಣುಮಗಳು ‘ಎಲ್ಲಿ ಸಹಿ ಮಾಡಬೇಕು’ ಎಂದು ಮಾತ್ರ ಕೇಳಿ ಹೆಸರು ಬರೆದುಕೊಟ್ಟರೆ, ಕಾನೂನು ಆಕೆಗೆ ಕೊಟ್ಟ ರಕ್ಷಣೆಯ ಬಹುಪಾಲು ಅಲ್ಲಿಯೇ ಕೈಬಿಟ್ಟುಹೋಗುತ್ತದೆ. ಆ ದಿನ ಏನು ನಡೆಯುತ್ತದೆ, ಏನನ್ನು ನಿರೀಕ್ಷಿಸಬೇಕು, ಏನನ್ನು ಕೇಳಲು ಹಕ್ಕಿದೆ ಎಂಬುದನ್ನು ಮೊದಲೇ ತಿಳಿದಿರುವುದು ಇದರಿಂದಲೇ ಅಗತ್ಯವಾಗುತ್ತದೆ.

ಅದಕ್ಕೂ ಮುಂಚೆ ಒಂದು ಮಾತು. ಗರ್ಭ ನಿಲ್ಲದಿರುವುದಕ್ಕೆ ಕಾರಣ ಹೆಣ್ಣಿನಲ್ಲಿರಬಹುದು, ಗಂಡಿನಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದು. ಎಷ್ಟೋ ಸಲ ಇಬ್ಬರಲ್ಲಿಯೂ ದೋಷ ಕಾಣದೆಯೂ ಇರಬಹುದು. ಪತಿಯ ವೀರ್ಯಾಣುಗಳ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೇ ಪ್ರನಾಳ ಚಿಕಿತ್ಸೆಗೆ ಹೋಗುವ ದಂಪತಿಗಳಿದ್ದಾರೆ. ಆಗಲೂ ಚುಚ್ಚುಮದ್ದು ಮತ್ತು ಸೂಜಿ ಹೆಣ್ಣಿನ ಪಾಲಿಗೇ ಬರುತ್ತವೆ. ಇಷ್ಟನ್ನು ಅರಿತ ಮನೆಯಲ್ಲಿ ‘ಬಂಜೆ’ ಎಂಬ ಪದ ಹುಟ್ಟಲಾರದು.

ಸಿದ್ಧತೆಯ ದಿನಗಳು

ಸಹಜವಾಗಿ ಹೆಣ್ಣಿನ ದೇಹದಲ್ಲಿ ತಿಂಗಳಿಗೆ ಒಂದೇ ಅಂಡಾಣು ಪಕ್ವವಾಗುತ್ತದೆ. ಚಿಕಿತ್ಸೆಯಲ್ಲಿ ಹಲವನ್ನು ಏಕಕಾಲಕ್ಕೆ ಬೆಳೆಸಲು ಸುಮಾರು 8ರಿಂದ 14 ದಿನಗಳ ಕಾಲ ಪ್ರತಿದಿನ ಹಾರ್ಮೋನಿನ ಚುಚ್ಚುಮದ್ದು ಕೊಡುತ್ತಾರೆ. ಅಂಡಾಣುಗಳು ಬೆಳೆಯುವುದು ಅಂಡಾಶಯದೊಳಗಿನ ನೀರು ತುಂಬಿದ ಪುಟ್ಟ ಚೀಲಗಳಲ್ಲಿ. ವೈದ್ಯರು ಅವನ್ನು ಫಾಲಿಕಲ್ ಎನ್ನುತ್ತಾರೆ. ಎರಡು ಮೂರು ದಿನಗಳಿಗೊಮ್ಮೆ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ನಡೆಸಿ ಅವುಗಳ ಬೆಳವಣಿಗೆಯನ್ನು ಅಳೆಯುತ್ತಾರೆ. ಹೊಟ್ಟೆಯುಬ್ಬರ, ಎದೆಯ ನೋವು, ತಲೆನೋವು, ಕಾರಣವಿಲ್ಲದ ಅಳು ಈ ದಿನಗಳಲ್ಲಿ ಸಾಮಾನ್ಯ. ಆಕೆ ಸಿಡುಕಿದರೆ ಅದು ಔಷಧದ ಪರಿಣಾಮವೂ ಆಗಿರಬಹುದು ಎಂದು ಮನೆಯವರು ತಿಳಿದುಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಹಳ್ಳಿಯಿಂದ ಹೋಗಿಬರುವವರು ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಈ ಔಷಧಗಳಲ್ಲಿ ಕೆಲವನ್ನು ತಂಪಿನಲ್ಲಿಯೇ ಇಡಬೇಕು. ಬಸ್ಸಿನಲ್ಲಿ ತರುವಾಗ ಮಂಜಿನ ಚೀಲದೊಡನೆ ಕಟ್ಟಿಕೊಡುವಂತೆ ಔಷಧದಂಗಡಿಯಲ್ಲಿ ಕೇಳಿಕೊಳ್ಳಬೇಕು. ಊರಿನಲ್ಲಿ ಹೆಚ್ಚು ಹೊತ್ತು ವಿದ್ಯುತ್ ಹೋದರೆ ಏನು ಮಾಡಬೇಕೆಂದೂ ವಿಚಾರಿಸಿಕೊಂಡಿರಬೇಕು. ಎರಡನೆಯದು ಕೊನೆಯ ಚುಚ್ಚುಮದ್ದು. ಅಂಡಾಣುಗಳನ್ನು ಅಂತಿಮವಾಗಿ ಪಕ್ವಗೊಳಿಸುವ ಈ ಮದ್ದನ್ನು ವೈದ್ಯರು ‘ಟ್ರಿಗರ್’ ಎಂದು ಕರೆಯುತ್ತಾರೆ. ಇದನ್ನು ಕೊಟ್ಟ 34ರಿಂದ 36 ಗಂಟೆಗಳ ಬಳಿಕ ಅಂಡಾಣುಗಳನ್ನು ತೆಗೆಯುತ್ತಾರೆ. ಬುಧವಾರ ಬೆಳಿಗ್ಗೆ 10 ಗಂಟೆಗೆ ಶಸ್ತ್ರಕ್ರಿಯೆಯಿದ್ದರೆ ಸೋಮವಾರ ರಾತ್ರಿ 10 ಗಂಟೆಗೆ ಈ ಚುಚ್ಚುಮದ್ದು ಬೀಳಬೇಕು. ಸಮಯ ತಪ್ಪಿದರೆ ಎರಡು ವಾರಗಳ ಶ್ರಮ ನಿಷ್ಫಲವಾಗಬಹುದು. ರಾತ್ರಿ ಹತ್ತಕ್ಕೆ ಅದನ್ನು ಕೊಡುವವರು ಯಾರು ಎಂಬುದನ್ನು ಆ ರಾತ್ರಿ ಹುಡುಕುವಂತಿರಬಾರದು. ಹೊಟ್ಟೆಯ ಚರ್ಮದಡಿಗೆ ತಾನೇ ಚುಚ್ಚಿಕೊಳ್ಳುವ ವಿಧಾನವನ್ನು ಆಸ್ಪತ್ರೆಯ ದಾದಿಯರು ಕಲಿಸಿಕೊಡುತ್ತಾರೆ.

ಆ ದಿನ

ಸಾಮಾನ್ಯವಾಗಿ ಆರು ಗಂಟೆಗಳ ಉಪವಾಸವಿರಲು ಹೇಳುತ್ತಾರೆ. ಒಡವೆ, ಉಗುರುಬಣ್ಣ, ಸುಗಂಧದ್ರವ್ಯಗಳಿಲ್ಲದೆ ಬರಬೇಕು. ಮೂತ್ರ ವಿಸರ್ಜಿಸಿ ಬಂದ ಬಳಿಕ ಕೈಯ ನರದ ಮೂಲಕ ಅರಿವಳಿಕೆಯ ಮದ್ದು ಕೊಡುತ್ತಾರೆ. ಹೊಟ್ಟೆಯ ಮೇಲೆ ಯಾವ ಗಾಯವೂ ಆಗುವುದಿಲ್ಲ. ಸ್ಕ್ಯಾನ್ ಉಪಕರಣವನ್ನು ಯೋನಿಯ ಮೂಲಕ ಇರಿಸಿ, ಅದಕ್ಕೆ ಹೊಂದಿಕೊಂಡ ತೆಳುವಾದ ಸೂಜಿಯನ್ನು ಪರದೆಯ ಮೇಲೆ ನೋಡುತ್ತಲೇ ಅಂಡಾಶಯಕ್ಕೆ ತೂರಿಸಿ, ಪ್ರತಿಯೊಂದು ಚೀಲದ ನೀರನ್ನು ಹೀರಿ ತೆಗೆಯುತ್ತಾರೆ. ಆ ನೀರು ಪಕ್ಕದ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಭ್ರೂಣತಜ್ಞರು ಸೂಕ್ಷ್ಮದರ್ಶಕದಡಿಯಲ್ಲಿ ಅಂಡಾಣುಗಳನ್ನು ಆರಿಸುತ್ತಾರೆ. ಇದು 15ರಿಂದ 30 ನಿಮಿಷಗಳ ಕೆಲಸ. ಅದೇ ದಿನ ಪತಿಯಿಂದ ವೀರ್ಯವನ್ನು ಪಡೆಯುತ್ತಾರೆ.

ಈ ವಿಧಾನಕ್ಕೆ ಒಂದು ಇತಿಹಾಸವಿದೆ. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶುವಿಗಾಗಿ ವೈದ್ಯರು ತಾಯಿಯ ಹೊಟ್ಟೆಗೆ ರಂಧ್ರ ಮಾಡಿ ಒಂದೇ ಒಂದು ಅಂಡಾಣುವನ್ನು ತೆಗೆದಿದ್ದರು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಜನಿಸಿತು. ಅವರು ಹಾರ್ಮೋನು ಕೊಟ್ಟು ಹಲವು ಅಂಡಾಣುಗಳನ್ನು ಬೆಳೆಸಿದರು, ಯೋನಿಮಾರ್ಗದಿಂದ ಅವನ್ನು ತೆಗೆದರು, ಭ್ರೂಣವನ್ನು ಶೈತ್ಯದಲ್ಲಿ ಕಾದಿರಿಸಿದರು. ಇಂದು ಎಲ್ಲೆಡೆ ರೂಢಿಯಲ್ಲಿರುವುದೂ ಸಾರಾಂಶದಲ್ಲಿ ಇದೇ ಕ್ರಮ. ಅಂದಿನ ಸರ್ಕಾರಿ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬಯಿಯ ಪ್ರನಾಳ ಶಿಶುವಿನ ಜನನಕ್ಕೆ ಡಾ. ಇಂದಿರಾ ಹಿಂದುಜಾ ಅವರೊಡನೆ ಕಾರಣರಾಗಿದ್ದ ಡಾ. ಟಿ.ಸಿ. ಆನಂದ ಕುಮಾರ್ ಅವರೇ ಮುಂದೆ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಮೊದಲಿಗರೆಂಬ ಗೌರವ ಅವರಿಗೇ ಸಲ್ಲಬೇಕೆಂದು 1997ರಲ್ಲಿ ಸಾರಿದರು.

ಎಚ್ಚರವಾದ ಮೇಲೆ ಒಂದೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಆಸ್ಪತ್ರೆಯಲ್ಲಿ ಮಲಗಿಸಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಜೊತೆಗೆ ಒಬ್ಬರು ಇರಲೇಬೇಕು. ಹಿಂತಿರುಗಲು ದ್ವಿಚಕ್ರ ವಾಹನ ಬೇಡ. ಮುಂದಿನ 24 ಗಂಟೆಗಳ ಕಾಲ ವಾಹನ ನಡೆಸಬಾರದು, ಮುಖ್ಯವಾದ ಯಾವ ಕಾಗದಕ್ಕೂ ಸಹಿ ಹಾಕಬಾರದು. ಅರಿವಳಿಕೆಯ ಮಂಪರು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಆಸ್ಪತ್ರೆಯವರೇ ಆ ಹೊತ್ತಿನಲ್ಲಿ ಹೊಸ ಪತ್ರವನ್ನು ಮುಂದಿಟ್ಟರೆ ‘ನಾಳೆ ಓದಿ ಹಾಕುತ್ತೇನೆ’ ಎನ್ನುವುದು ತಪ್ಪಲ್ಲ.

ಅನಂತರದ ದಿನಗಳು

ಮುಟ್ಟಿನ ಸಮಯದಂತಹ ಹೊಟ್ಟೆನೋವು, ತುಸು ರಕ್ತದ ಕಲೆ, ಹೊಟ್ಟೆಯುಬ್ಬರ ಎರಡು ಮೂರು ದಿನ ಇರುತ್ತವೆ. ಅಂಡಾಶಯಗಳು ಊದಿಕೊಂಡಿರುವುದರಿಂದ ಬಿಂದಿಗೆ ಹೊರುವುದು, ತೋಟದಲ್ಲಿ ಬಗ್ಗಿ ದುಡಿಯುವುದು, ಓಡುವುದು ಕೆಲವು ದಿನ ಸಲ್ಲದು. ಊದಿದ ಅಂಡಾಶಯ ತಿರುಚಿಕೊಳ್ಳುವ ಅಪಾಯವಿದೆ. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯ ಹೊರತು ಬೇರೆಯದನ್ನು ತಾವಾಗಿ ತೆಗೆದುಕೊಳ್ಳಬಾರದು.

ಇನ್ನು ಕಡೆಗಣಿಸಬಾರದ ಲಕ್ಷಣಗಳು. ಹೊಟ್ಟೆ ದಿನದಿಂದ ದಿನಕ್ಕೆ ಬಿಗಿಯುವುದು, ತೂಕ ಬೇಗನೆ ಏರುವುದು, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು, ಕಾಲಿನಲ್ಲಿ ಊತ ಮತ್ತು ನೋವು: ಇವು ಅಂಡಾಶಯದ ಅತಿಪ್ರಚೋದನೆಯ ಚಿಹ್ನೆಗಳಾಗಿರಬಹುದು. ಚುಚ್ಚುಮದ್ದಿಗೆ ಅಂಡಾಶಯವು ಮಿತಿಮೀರಿ ಸ್ಪಂದಿಸಿದಾಗ ರಕ್ತನಾಳಗಳಿಂದ ನೀರು ಸೋರಿ ಹೊಟ್ಟೆಯಲ್ಲಿ ತುಂಬಿಕೊಳ್ಳುವ ಸ್ಥಿತಿಯಿದು. ಹಗುರವಾದ ರೂಪ ಸಾಮಾನ್ಯ, ತೀವ್ರ ರೂಪ ಅಪರೂಪ. ಆದರೆ ತೀವ್ರವಾದಾಗ ಜೀವಕ್ಕೇ ಅಪಾಯ. ಪಿಸಿಓಎಸ್ ಇರುವವರಲ್ಲಿ ಮತ್ತು ಎಳೆಯ ವಯಸ್ಸಿನವರಲ್ಲಿ ಇದರ ಸಂಭವ ಹೆಚ್ಚು. ಜ್ವರ, ಹೆಚ್ಚಿನ ರಕ್ತಸ್ರಾವ, ತಡೆಯಲಾಗದ ನೋವು ಕಂಡರೂ ಬೆಳಗಾಗುವವರೆಗೆ ಕಾಯಬಾರದು. ರಾತ್ರಿ ಯಾವ ದೂರವಾಣಿಗೆ ಕರೆ ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮುನ್ನವೇ ಕಾಗದದಲ್ಲಿ ಬರೆಯಿಸಿಕೊಳ್ಳುವುದು ಬೇರಿಕೆಯಂತಹ ಊರಿನವರಿಗೆ ಅತ್ಯವಶ್ಯಕ.

ದೇಹದ ನೋವಿಗಿಂತ ಹೆಚ್ಚಾಗಿ ಕಾಡುವುದು ಲೆಕ್ಕ. ಸ್ಕ್ಯಾನಿನಲ್ಲಿ ಕಂಡ ಚೀಲಗಳಷ್ಟೇ ಅಂಡಾಣುಗಳು ಸಿಗುತ್ತವೆಂಬ ನಿಯಮವಿಲ್ಲ. ಹತ್ತು ಅಂಡಾಣು ಸಿಕ್ಕವೆಂದು ಇಟ್ಟುಕೊಂಡರೆ, ಪಕ್ವವಾದವು ಏಳೆಂಟು ಇರಬಹುದು; ಫಲಿತಗೊಂಡವು ಐದಾರು; ಐದನೆಯ ದಿನದವರೆಗೆ ಬೆಳೆದ ಭ್ರೂಣಗಳು ಎರಡೋ ಮೂರೋ. ಕೆಲವರಿಗೆ ಇದಕ್ಕಿಂತ ಹೆಚ್ಚು, ಕೆಲವರಿಗೆ ಒಂದೂ ಇಲ್ಲ. ವಯಸ್ಸು ಏರಿದಂತೆ ಈ ಲೆಕ್ಕ ಕುಗ್ಗುತ್ತದೆ. ಮೊದಲ ದಿನದ ಸಂಖ್ಯೆಯನ್ನು ಊರಿಗೆಲ್ಲ ಹೇಳಿ, ಐದನೆಯ ದಿನ ಉತ್ತರಿಸಲಾಗದೆ ನಿಲ್ಲುವ ಸಂಕಟವನ್ನು ಹೆಣ್ಣಿಗೆ ತರಬಾರದು. ಅತಿಪ್ರಚೋದನೆಯ ಭಯವಿದ್ದಾಗ ವೈದ್ಯರು ಭ್ರೂಣಗಳನ್ನೆಲ್ಲ ಶೈತ್ಯದಲ್ಲಿ ಇರಿಸಿ, ಗರ್ಭಕ್ಕೆ ಸೇರಿಸುವುದನ್ನು ಮುಂದಿನ ತಿಂಗಳುಗಳಿಗೆ ತಳ್ಳುವುದುಂಟು. ಅದು ಸೋಲಲ್ಲ, ಎಚ್ಚರಿಕೆ.

ಸಹಿಯ ಬೆಲೆ

ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ, 2021 ಎಂಬ ಕೇಂದ್ರದ ಕಾನೂನು 2022ರ ಜನವರಿ 25ರಿಂದ ಜಾರಿಯಲ್ಲಿದೆ. ಹೊಸೂರಾಗಲಿ ಬೆಂಗಳೂರಾಗಲಿ, ಗಡಿಯ ಎರಡೂ ಕಡೆ ಒಂದೇ ಕಾನೂನು. ಅದರ ಪ್ರಕಾರ ನೋಂದಣಿಯಿಲ್ಲದ ಕೇಂದ್ರವು ಈ ಚಿಕಿತ್ಸೆಯನ್ನು ನಡೆಸುವಂತಿಲ್ಲ. ನೋಂದಣಿಯ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಚಿಕಿತ್ಸೆ ಪಡೆಯುವ ಹೆಣ್ಣಿಗೆ 21 ದಾಟಿರಬೇಕು, 50 ತುಂಬಿರಬಾರದು. ಗಂಡಿಗೆ 21 ದಾಟಿರಬೇಕು, 55 ತುಂಬಿರಬಾರದು. ಯಶಸ್ಸಿನ ಸಾಧ್ಯತೆ, ಅನುಕೂಲ, ಅನನುಕೂಲ, ವೆಚ್ಚ, ಅಡ್ಡಪರಿಣಾಮ, ಅಪಾಯ ಇವಿಷ್ಟನ್ನೂ ದಂಪತಿಗೆ ತಿಳಿಸಿ, ಯೋಚಿಸಿ ನಿರ್ಧರಿಸಲು ನೆರವಾಗುವುದು ಕೇಂದ್ರದ ಕರ್ತವ್ಯ. ತಿಳಿದು ಕೊಟ್ಟ ಲಿಖಿತ ಸಮ್ಮತಿಯಿಲ್ಲದೆ ಯಾವ ಕ್ರಿಯೆಯನ್ನೂ ನಡೆಸುವಂತಿಲ್ಲ. ಭ್ರೂಣವನ್ನು ಗರ್ಭಕ್ಕೆ ಸೇರಿಸುವವರೆಗೆ ಕೊಟ್ಟ ಸಮ್ಮತಿಯನ್ನು ಹಿಂಪಡೆಯಲೂ ಅವಕಾಶವಿದೆ. ದೂರು ಆಲಿಸುವ ವ್ಯವಸ್ಥೆ ಪ್ರತಿ ಕೇಂದ್ರದಲ್ಲಿರಬೇಕು. ಚಿಕಿತ್ಸೆ ಮುಗಿದಾಗ ನಡೆಸಿದ ಕ್ರಿಯೆಯ ವಿವರವುಳ್ಳ ಪ್ರಮಾಣಪತ್ರವನ್ನು ಕೊಡಬೇಕು. ಮಗು ಗಂಡೋ ಹೆಣ್ಣೋ ಎಂದು ಆರಿಸಿಕೊಡುವುದು ಘೋರ ಅಪರಾಧ. ಅದಕ್ಕೆ 5ರಿಂದ 10 ವರ್ಷಗಳ ಸೆರೆವಾಸವಿದೆ.

ಸಮ್ಮತಿ ಎಂದರೆ ಏನೆಂಬುದನ್ನು ಸುಪ್ರೀಂ ಕೋರ್ಟು 2008ರ ಜನವರಿ 16ರಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ದೆಹಲಿಯಲ್ಲಿ 1995ರಲ್ಲಿ 44 ವರ್ಷದ ಮಹಿಳೆಯೊಬ್ಬರು ಹೊಟ್ಟೆಯೊಳಗನ್ನು ದರ್ಶಕದಿಂದ ಪರೀಕ್ಷಿಸಿಕೊಳ್ಳಲು ಹೋಗಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಲಾಯಿತು. ಪ್ರಾಯಕ್ಕೆ ಬಂದ, ಸ್ವಸ್ಥ ಮನಸ್ಸಿನ ವ್ಯಕ್ತಿಯ ಪರವಾಗಿ ಇನ್ನೊಬ್ಬರು ಒಪ್ಪಿಗೆ ಕೊಡಲಾಗದು. ಜೀವಕ್ಕೆ ಆ ಕ್ಷಣದ ಅಪಾಯವಿಲ್ಲದಿದ್ದರೆ ಆಕೆ ಎಚ್ಚರಗೊಳ್ಳುವವರೆಗೆ ಕಾಯಲೇಬೇಕು ಎಂದು ನ್ಯಾಯಾಲಯ ಹೇಳಿತು. ಒಂದು ಕ್ರಿಯೆಗೆ ಕೊಟ್ಟ ಸಮ್ಮತಿ ಮತ್ತೊಂದಕ್ಕೆ ಕೊಟ್ಟಂತಾಗದು ಎಂದೂ ಹೇಳಿತು.

ಈ ಮಾತನ್ನು ಅಂಡಾಣು ತೆಗೆಯುವ ಕೋಣೆಗೆ ಅನ್ವಯಿಸಿ ನೋಡಬೇಕು. ಅಂಡಾಣು ಸಿಗದಿದ್ದರೆ ದಾನಿಯ ಅಂಡಾಣುವನ್ನು ಬಳಸುವುದೇ? ಪತಿಯ ವೀರ್ಯ ಸಾಲದಿದ್ದರೆ ಬೇರೆಯವರದನ್ನು ಬಳಸುವುದೇ? ಮಿಕ್ಕ ಭ್ರೂಣಗಳನ್ನು ಕಾದಿರಿಸುವುದೇ? ಕಾದಿರಿಸಿದವರಲ್ಲಿ ಒಬ್ಬರು ತೀರಿಕೊಂಡರೆ ಅವು ಏನಾಗಬೇಕು? ಈ ಪ್ರಶ್ನೆಗಳಿಗೆ ಉತ್ತರ ಆಕೆ ಎಚ್ಚರವಿರುವಾಗ, ಲಿಖಿತವಾಗಿ ನಿರ್ಧಾರವಾಗಿರಬೇಕು. ಕಾಯ್ದೆಯು ಭ್ರೂಣಗಳನ್ನು ಹೆಚ್ಚೆಂದರೆ 10 ವರ್ಷ ಕಾದಿರಿಸಲು ಅವಕಾಶ ಕೊಡುತ್ತದೆ. ಹೊರಗೆ ಕುಳಿತ ಪತಿಯಾಗಲಿ, ಅತ್ತೆಯಾಗಲಿ, ತವರಿನವರಾಗಲಿ ಆಕೆಯ ಹೆಸರಿನಲ್ಲಿ ತಲೆಯಾಡಿಸಿದರೆ ಅದು ಸಮ್ಮತಿಯಲ್ಲ.

ಭಾಷೆಯ ಮಾತು ಬರುವುದೂ ಇಲ್ಲಿಯೇ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಆಕೆಗೆ ಅರ್ಥವಾಗುವ ಮಟ್ಟದಲ್ಲಿ ವಿವರಣೆ ದೊರೆಯಬೇಕೆನ್ನುತ್ತದೆ. ಸನ್ನದು ಕಾಯ್ದೆಯಲ್ಲ, ನಿಜ. ಆದರೆ ಅರ್ಥವಾಗದ ಭಾಷೆಯ ಪತ್ರಕ್ಕೆ ಹಾಕಿದ ಸಹಿಯನ್ನು ‘ತಿಳಿದು ಕೊಟ್ಟ ಸಮ್ಮತಿ’ ಎನ್ನುವುದು ಕಾಯ್ದೆಯ ಮಾತಿಗೇ ವಿರುದ್ಧ. ಹೊಸೂರಿನಲ್ಲಿ ಕನ್ನಡ ಬಲ್ಲ ದಾದಿಯೋ ಸಿಬ್ಬಂದಿಯೋ ಸಿಗುವುದು ದುರ್ಲಭವೇನಲ್ಲ. ‘ಇದನ್ನು ನಮ್ಮ ಮಾತಿನಲ್ಲಿ ಓದಿ ಹೇಳಿ’ ಎಂದು ಕೇಳಬೇಕು. ಪತ್ರದ ಪ್ರತಿಯನ್ನು ಒಂದು ದಿನ ಮೊದಲೇ ಪಡೆದು ಮನೆಯಲ್ಲಿ ಓದಿಸಿಕೊಳ್ಳಬೇಕು. ಸಹಿಯ ಮೇಲೆ ‘ಕನ್ನಡದಲ್ಲಿ ವಿವರಿಸಲಾಯಿತು’ ಎಂದು ಕನ್ನಡದಲ್ಲಿಯೇ ಬರೆದು, ವಿವರಿಸಿದವರ ಹೆಸರನ್ನೂ ದಿನಾಂಕವನ್ನೂ ನಮೂದಿಸಬೇಕು. ವಿವರಿಸದೆ ಇದ್ದಲ್ಲಿ ಹಾಗೆ ಬರೆಯಲೇಬಾರದು.

ಈರೋಡಿನ ಹುಡುಗಿ

ಸಮ್ಮತಿ ಸುಳ್ಳಾದರೆ ಏನಾಗುತ್ತದೆ ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. 2022ರ ಜೂನ್ ತಿಂಗಳಲ್ಲಿ ಈರೋಡಿನಲ್ಲಿ ಒಂದು ಪ್ರಕರಣ ಬಯಲಿಗೆ ಬಂತು. 16 ವರ್ಷದ ಹುಡುಗಿಯನ್ನು ಹಲವು ಬಾರಿ ಆಸ್ಪತ್ರೆಗಳಿಗೆ ಕರೆದೊಯ್ದು, ಆಧಾರ್ ಚೀಟಿಯಲ್ಲಿ ವಯಸ್ಸನ್ನು ತಿದ್ದಿ, ಆಕೆಯ ಅಂಡಾಣುಗಳನ್ನು ಹಣಕ್ಕೆ ಮಾರಲಾಗಿತ್ತೆಂಬುದು ಆರೋಪ. ಬಂಧಿತರಾದವರಲ್ಲಿ ಹೆತ್ತ ತಾಯಿಯೂ ಮಧ್ಯವರ್ತಿಯೂ ಇದ್ದರು. ತನಿಖೆಯಲ್ಲಿ ಈರೋಡು, ಪೆರುಂದುರೈ, ಸೇಲಂ ಮಾತ್ರವಲ್ಲ, ಹೊಸೂರಿನ ಖಾಸಗಿ ಆಸ್ಪತ್ರೆಯೊಂದರ ಹೆಸರೂ ಕೇಳಿಬಂತು. ನೆರೆಯ ರಾಜ್ಯಗಳ ಆಸ್ಪತ್ರೆಗಳ ಹೆಸರೂ ಸೇರಿತು. ತಮಿಳುನಾಡು ಸರ್ಕಾರ ಅದೇ ಜುಲೈನಲ್ಲಿ ಆಸ್ಪತ್ರೆಗಳ ಮೇಲೆ ಕ್ರಮ ಪ್ರಕಟಿಸಿತು.

ಆ ಹುಡುಗಿಯದು ಹತ್ತನೆಯ ಅಥವಾ ಹನ್ನೊಂದನೆಯ ತರಗತಿಯಲ್ಲಿ ಕುಳಿತಿರಬೇಕಾದ ವಯಸ್ಸು. ಶಾಲೆಗೆ ಹೆಣ್ಣುಮಕ್ಕಳನ್ನು ಕಳುಹಿಸುವ ಪ್ರತಿಯೊಂದು ಮನೆಯೂ ಕಾನೂನು ಹೇಳುವುದನ್ನು ತಿಳಿದಿರಬೇಕು. ಅಂಡಾಣು ದಾನಿಗೆ 23ಕ್ಕಿಂತ ಕಡಿಮೆ, 35ಕ್ಕಿಂತ ಹೆಚ್ಚು ವಯಸ್ಸಿರಬಾರದು. ಜೀವಮಾನದಲ್ಲಿ ಒಂದೇ ಬಾರಿ ದಾನ ಮಾಡಬಹುದು. ಆಕೆಯಿಂದ 7ಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯುವಂತಿಲ್ಲ. ಚಿಕಿತ್ಸೆ ಪಡೆಯುವ ದಂಪತಿಯು ಆಕೆಯ ಹೆಸರಿಗೆ 12 ತಿಂಗಳ ವಿಮೆ ಮಾಡಿಸಿರಬೇಕು. ಅಂಡಾಣುವಿನ ಮಾರಾಟವೂ ಮಧ್ಯವರ್ತಿಯ ಮೂಲಕ ದಾನಿಯನ್ನು ಹುಡುಕುವುದೂ ಅಪರಾಧ. ಮೊದಲ ಬಾರಿಗೆ 5ರಿಂದ 10 ಲಕ್ಷ ರೂಪಾಯಿ ದಂಡ, ಮರುಕಳಿಸಿದರೆ 3ರಿಂದ 8 ವರ್ಷ ಸೆರೆವಾಸ ಮತ್ತು ಮತ್ತಷ್ಟು ದಂಡ. ಕಾರ್ಖಾನೆಗೆ ಹೋಗುವ ಹುಡುಗಿಗೆ, ಸಾಲದಲ್ಲಿರುವ ಮನೆಗೆ ‘ಹತ್ತು ದಿನ ಚುಚ್ಚುಮದ್ದು, ಕೈತುಂಬ ಹಣ’ ಎಂದು ಯಾರಾದರೂ ಆಸೆ ತೋರಿಸಿದರೆ ಅದು ನೆರವಲ್ಲ, ಬಲೆ. ದಾನಿಯ ಅಂಡಾಣುವಿಗಾಗಿ ಕಾಯುವ ದಂಪತಿಗೂ ಇಲ್ಲಿ ಹೊಣೆಯಿದೆ. ದಾನಿ ಬಂದದ್ದು ನೋಂದಾಯಿತ ಬ್ಯಾಂಕಿನಿಂದಲೇ, ಆಕೆಗೆ ವಿಮೆಯಾಗಿದೆಯೇ ಎಂದು ಕೇಳದೆ ಹಣ ಕಟ್ಟಬಾರದು.

ತಪ್ಪಾದಾಗ

ಅಂಡಾಣು ಸಿಗದಿರುವುದು, ಗರ್ಭ ನಿಲ್ಲದಿರುವುದು ತಾನಾಗಿಯೇ ವೈದ್ಯರ ನಿರ್ಲಕ್ಷ್ಯವಲ್ಲ. ಈ ಚಿಕಿತ್ಸೆಯಲ್ಲಿ ಸೋಲು ಸಾಮಾನ್ಯ. ಖಂಡಿತ ಮಗುವಾಗುತ್ತದೆಂದು ಮಾತು ಕೊಡುವವರನ್ನೇ ಶಂಕಿಸಬೇಕು. ಆದರೆ ಅಪಾಯವನ್ನು ತಿಳಿಸದೆ ಮುಚ್ಚಿಟ್ಟಲ್ಲಿ, ಒಪ್ಪದ ಕ್ರಿಯೆ ನಡೆದಲ್ಲಿ, ಅತಿಪ್ರಚೋದನೆಯ ಲಕ್ಷಣಗಳನ್ನು ಹೇಳಿದರೂ ಲೆಕ್ಕಿಸದಿದ್ದಲ್ಲಿ ಕಾನೂನಿನ ದಾರಿಯಿದೆ. ಶುಲ್ಕ ಪಡೆದು ನೀಡುವ ವೈದ್ಯಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಪಿತ್ತಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಚಿಕಿತ್ಸೆ ಬೆಂಗಳೂರಿನಲ್ಲಿ ನಡೆದಿದ್ದರೂ ಬೇರಿಕೆಯವರು ಕೃಷ್ಣಗಿರಿ ಜಿಲ್ಲೆಯಲ್ಲಿ ದೂರು ಕೊಡಬಹುದು. ಅವಧಿ ಎರಡು ವರ್ಷ. ವೈದ್ಯಕೀಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬುದು ವೈದ್ಯರ ವೃತ್ತಿನಿಯಮ. ಸ್ಕ್ಯಾನಿನ ವರದಿ, ಔಷಧದ ರಸೀದಿ, ಸಮ್ಮತಿಪತ್ರದ ಪ್ರತಿ, ಬಿಡುಗಡೆಯ ಚೀಟಿ ಇವಿಷ್ಟನ್ನೂ ಒಂದು ಕಡತದಲ್ಲಿ ಜೋಡಿಸಿಟ್ಟುಕೊಳ್ಳುವ ಅಭ್ಯಾಸ ಮೊದಲ ಭೇಟಿಯಿಂದಲೇ ಇರಲಿ.

ಈ ಕಡತ ಆಕೆಯ ಕೈಯಲ್ಲಿಯೇ ಇರಲಿ. ಬಹಳ ಮನೆಗಳಲ್ಲಿ ಅದು ಪತಿಯ ಚೀಲದಲ್ಲಿಯೋ ಮಾವನ ಪೆಟ್ಟಿಗೆಯಲ್ಲಿಯೋ ಇರುತ್ತದೆ. ಯಾವ ಮದ್ದು ಎಷ್ಟು ದಿನ ನಡೆಯಿತೆಂದು ಚುಚ್ಚಿಸಿಕೊಂಡವಳಿಗೇ ಹೇಳಲಾಗುವುದಿಲ್ಲ. ಕನ್ನಡ ಶಾಲೆಯು ಗಡಿನಾಡಿನ ಹೆಣ್ಣುಮಕ್ಕಳಿಗೆ ಓದು ಬರಹ ಕಲಿಸಿದೆ. ಆಸ್ಪತ್ರೆಯ ಮೇಜಿನ ಮುಂದೆ ಆ ಓದನ್ನು ಬಳಸುವ ಅವಕಾಶವನ್ನು ಮನೆಯವರು ಆಕೆಗೆ ಬಿಟ್ಟುಕೊಡಬೇಕು.